ತಲೆಗೆ ದಿನಕ್ಕೆ 13 ರೂಪಾಯಿ: ಗಡಿ ಕಾಯುವ ವೆಚ್ಚ ಯಾರ ಹೆಗಲಿಗೆ?

ಭಾರತದ 2025-26ನೇ ಸಾಲಿನ ಕೇಂದ್ರ ಬಜೆಟ್‌ನಲ್ಲಿ ರಕ್ಷಣಾ ಸಚಿವಾಲಯಕ್ಕೆ ತೆಗೆದಿರಿಸಿದ ಹಣ 6,81,210 ಕೋಟಿ ರೂಪಾಯಿ. ಇದು ಕೇಂದ್ರ ಸರ್ಕಾರದ ಒಟ್ಟು ವೆಚ್ಚದಲ್ಲಿ ಶೇ. 13.45ರಷ್ಟು. ಸಾಲದ ಬಡ್ಡಿ ತೀರಿಸುವ ಹಣಕಾಸು ಸಚಿವಾಲಯವನ್ನು ಬಿಟ್ಟರೆ ಬೇರೆ ಯಾವ ಸಚಿವಾಲಯಕ್ಕೂ ಇಷ್ಟು ಹಣ ಸಿಕ್ಕಿರಲಿಲ್ಲ. ಕೋಟಿಗಳಲ್ಲಿ ಹೇಳಿದಾಗ ಈ ಮೊತ್ತ ಎಷ್ಟು ದೊಡ್ಡದೆಂದು ಯಾರ ಮನಸ್ಸಿಗೂ ಹಿಡಿಯುವುದಿಲ್ಲ. ದೇಶದ ಜನಸಂಖ್ಯೆಯನ್ನು 140 ಕೋಟಿ ಎಂದಿಟ್ಟುಕೊಂಡು ಹಂಚಿದರೆ ಹಸುಗೂಸಿನಿಂದ ಹಿಡಿದು ಹಣ್ಣು ಮುದುಕರವರೆಗೆ ಪ್ರತಿಯೊಬ್ಬರ ಪಾಲಿಗೆ ವರ್ಷಕ್ಕೆ ಸುಮಾರು 4,866 ರೂಪಾಯಿ, ದಿನಕ್ಕೆ 13 ರೂಪಾಯಿ 33 ಪೈಸೆ ಬರುತ್ತದೆ. ನಾಲ್ವರ ಕುಟುಂಬಕ್ಕೆ ತಿಂಗಳಿಗೆ 1,600 ರೂಪಾಯಿಗೂ ಮೇಲೆ.

ವಿದ್ಯುತ್ ಬಿಲ್ಲಿನಂತೆ, ನೀರಿನ ಕಂದಾಯದಂತೆ ಈ ಹಣಕ್ಕೆ ಪ್ರತ್ಯೇಕ ಬಿಲ್ಲು ಯಾರ ಮನೆಗೂ ಬರುವುದಿಲ್ಲ. ಹಾಗಾಗಿ ತಾವೂ ಇದನ್ನು ಕಟ್ಟುತ್ತಿದ್ದೇವೆ ಎಂಬುದು ಬಹುತೇಕ ಜನರಿಗೆ ತಿಳಿದಿರುವುದಿಲ್ಲ. ಆದರೆ ರಕ್ಷಣೆಯ ವೆಚ್ಚ ನಾಲ್ಕು ದಾರಿಗಳಲ್ಲಿ ಸಾಮಾನ್ಯ ಪ್ರಜೆಯನ್ನು ಮುಟ್ಟುತ್ತದೆ: ಕಟ್ಟುವ ತೆರಿಗೆಯಾಗಿ, ಮುಂದಿನ ತಲೆಮಾರು ತೀರಿಸಬೇಕಾದ ಸಾಲವಾಗಿ, ಬೇರೆ ಕೆಲಸಕ್ಕೆ ಸಿಗದೆ ಹೋದ ಹಣವಾಗಿ, ಮತ್ತು ಕೆಲವರ ಪಾಲಿಗೆ ಬಿಟ್ಟುಕೊಟ್ಟ ನೆಲವಾಗಿ, ಕಳೆದುಕೊಂಡ ಜೀವವಾಗಿ.

ಹಣ ಎಲ್ಲಿಂದ ಬರುತ್ತದೆ?

2025-26ರ ಬಜೆಟ್ ಮಂಡನೆಯಾದಾಗ ರಕ್ಷಣೆಗೆಂದೇ ಪ್ರತ್ಯೇಕ ತೆರಿಗೆ ಭಾರತದಲ್ಲಿರಲಿಲ್ಲ. ಆದಾಯ ತೆರಿಗೆಯ ಮೇಲೆ ಶೇ. 4ರಷ್ಟು ಆರೋಗ್ಯ ಮತ್ತು ಶಿಕ್ಷಣ ಸೆಸ್ ಇದೆ. ರಕ್ಷಣೆಗೆ ಅಂಥದ್ದಿಲ್ಲ. ಸರ್ಕಾರದ ಬೊಕ್ಕಸಕ್ಕೆ ಬರುವ ಎಲ್ಲ ಹಣವೂ ಒಂದೇ ಕಣಜಕ್ಕೆ ಬೀಳುತ್ತದೆ, ಅಲ್ಲಿಂದಲೇ ಸೇನೆಯ ಪಾಲನ್ನೂ ಅಳೆದು ಕೊಡಲಾಗುತ್ತದೆ. 2025-26ರ ಬಜೆಟ್ ಪ್ರಕಾರ ಸರ್ಕಾರಕ್ಕೆ ಬರುವ ಪ್ರತಿ ರೂಪಾಯಿಯಲ್ಲಿ 22 ಪೈಸೆ ಆದಾಯ ತೆರಿಗೆಯಿಂದ, 18 ಪೈಸೆ ಜಿಎಸ್‌ಟಿ ಮತ್ತಿತರ ತೆರಿಗೆಗಳಿಂದ, 17 ಪೈಸೆ ಕಂಪನಿ ತೆರಿಗೆಯಿಂದ, 5 ಪೈಸೆ ಅಬಕಾರಿ ಸುಂಕದಿಂದ, 4 ಪೈಸೆ ಆಮದು ಸುಂಕದಿಂದ ಬರುತ್ತದೆ. ಇನ್ನು 24 ಪೈಸೆ ಸಾಲ. ಉಳಿದದ್ದು ಬಹುಪಾಲು ತೆರಿಗೆಯೇತರ ಆದಾಯ.

ಆದಾಯ ತೆರಿಗೆ ಕಟ್ಟದವರಿಗೆ ಈ ಹೊರೆ ತಟ್ಟುವುದಿಲ್ಲ ಎಂಬ ಭಾವನೆ ವ್ಯಾಪಕವಾಗಿದೆ. ಅದು ತಪ್ಪು. ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಮೊಬೈಲಿಗೆ 300 ರೂಪಾಯಿಯ ರೀಚಾರ್ಜ್ ಹಾಕಿಸಿದಳು ಎನ್ನೋಣ. ಅದರಲ್ಲಿ ಶೇ. 18ರ ಜಿಎಸ್‌ಟಿ ಲೆಕ್ಕದಲ್ಲಿ ಸುಮಾರು 46 ರೂಪಾಯಿ ತೆರಿಗೆ ಸೇರಿದೆ. ಅರ್ಧ ರಾಜ್ಯಕ್ಕೆ, ಅರ್ಧ ಕೇಂದ್ರಕ್ಕೆ. ಕೇಂದ್ರದ 23 ರೂಪಾಯಿಯಲ್ಲಿ ಹಣಕಾಸು ಆಯೋಗದ ಸೂತ್ರದಂತೆ ಶೇ. 41ನ್ನು ರಾಜ್ಯಗಳಿಗೆ ಹಂಚಿದ ಮೇಲೆ ಸುಮಾರು ಹದಿಮೂರೂವರೆ ರೂಪಾಯಿ ಉಳಿಯುತ್ತದೆ. ಕೇಂದ್ರದ ವೆಚ್ಚದಲ್ಲಿ ರಕ್ಷಣೆಯ ಪಾಲು ಎಷ್ಟೋ ಅದೇ ಪ್ರಮಾಣದಲ್ಲಿ ಭಾಗಿಸಿದರೆ, ಆ ಒಂದು ರೀಚಾರ್ಜ್‌ನಿಂದ ಸುಮಾರು 1 ರೂಪಾಯಿ 80 ಪೈಸೆ ಸೇನೆಗೆ ಹೋಗುತ್ತದೆ. ಆಕೆ ಹಾಕಿಸಿಕೊಂಡ ಪೆಟ್ರೋಲಿನಲ್ಲಿ, ಕೊಂಡ ಚಪ್ಪಲಿಯಲ್ಲಿ, ಮನೆಗೆ ತಂದ ಸಿಮೆಂಟಿನಲ್ಲಿ ಇಂಥದೇ ಪಾಲುಗಳಿವೆ.

ಆದಾಯ ತೆರಿಗೆ ದುಡಿಮೆಯ ಮಟ್ಟ ನೋಡಿ ಏರುತ್ತದೆ. ಪರೋಕ್ಷ ತೆರಿಗೆ ಹಾಗಲ್ಲ. ಒಂದೇ ಸಾಬೂನಿಗೆ ಶ್ರೀಮಂತರೂ ಬಡವರೂ ಒಂದೇ ತೆರಿಗೆ ಕೊಡುತ್ತಾರೆ. ಬಂದದ್ದನ್ನೆಲ್ಲ ಖರ್ಚು ಮಾಡಿಯೇ ಬದುಕಬೇಕಾದ ಮನೆಗೆ ಆ ತೆರಿಗೆ ಆದಾಯದ ಹೆಚ್ಚಿನ ಪಾಲನ್ನು ಕಿತ್ತುಕೊಳ್ಳುತ್ತದೆ. ಗಡಿ ಕಾಯುವ ಖರ್ಚಿನ ಒಂದು ಭಾಗ ಹೀಗೆ ಬಡವರ ಸಂತೆ ಚೀಲದಿಂದಲೇ ಹೋಗುತ್ತದೆ.

ಸಾಲದ ಲೆಕ್ಕ ಇನ್ನೂ ಆಳವಾದುದು. 2025-26ರಲ್ಲಿ ಕೇಂದ್ರದ ವಿತ್ತೀಯ ಕೊರತೆ ಸುಮಾರು 15.69 ಲಕ್ಷ ಕೋಟಿ ರೂಪಾಯಿ ಎಂದು ಬಜೆಟ್ ಅಂದಾಜು ಮಾಡಿತ್ತು. ಅದೇ ವರ್ಷ ಹಳೆಯ ಸಾಲಗಳ ಬಡ್ಡಿಗೆಂದೇ 12.76 ಲಕ್ಷ ಕೋಟಿ ರೂಪಾಯಿ ಬೇಕಿತ್ತು. ಇದು ರಕ್ಷಣಾ ವೆಚ್ಚದ ಹೆಚ್ಚುಕಡಿಮೆ ಎರಡು ಪಟ್ಟು. ಇಂದು ಕೊಂಡ ವಿಮಾನದ ಒಂದು ಭಾಗವನ್ನು ಇನ್ನೂ ಹುಟ್ಟದ ಮಕ್ಕಳು ಬಡ್ಡಿಸಮೇತ ತೀರಿಸುತ್ತಾರೆ.

ಹಣ ಎಲ್ಲಿಗೆ ಹೋಗುತ್ತದೆ?

ರಕ್ಷಣಾ ವೆಚ್ಚ ಎಂದ ಕೂಡಲೇ ಜನರ ಕಣ್ಣಿಗೆ ಕಟ್ಟುವುದು ಕ್ಷಿಪಣಿ, ಯುದ್ಧವಿಮಾನ, ಜಲಾಂತರ್ಗಾಮಿ. ನಿಜದಲ್ಲಿ ಹೆಚ್ಚಿನ ಹಣ ಮನುಷ್ಯರಿಗೆ ಹೋಗುತ್ತದೆ. 2025-26ರ ಮೊತ್ತದಲ್ಲಿ ಶೇ. 45.76 ಸೈನಿಕರ ಸಂಬಳ, ಭತ್ಯೆ ಮತ್ತು ಸೇನೆಯ ದಿನನಿತ್ಯದ ನಿರ್ವಹಣೆಗೆ. ಇಂಧನ, ಪಡಿತರ, ಬಟ್ಟೆ, ಬಿಡಿಭಾಗ, ದುರಸ್ತಿ ಎಲ್ಲವೂ ಇದರಲ್ಲಿ ಸೇರಿವೆ. ಶೇ. 23.60 ನಿವೃತ್ತರ ಪಿಂಚಣಿಗೆ. ಹೊಸ ಶಸ್ತ್ರಾಸ್ತ್ರ, ಹಡಗು, ವಿಮಾನ, ಕಟ್ಟಡಗಳಿಗೆ ಸಿಗುವ ಬಂಡವಾಳ ವೆಚ್ಚ 1.80 ಲಕ್ಷ ಕೋಟಿ, ಅಂದರೆ ಶೇ. 26.43. ಉಳಿದ ಶೇ. 4.21 ಗಡಿ ರಸ್ತೆಗಳು, ಕರಾವಳಿ ಕಾವಲು ಪಡೆ ಮೊದಲಾದ ನಾಗರಿಕ ವಿಭಾಗಗಳಿಗೆ.

ದಿನದ 13 ರೂಪಾಯಿ 33 ಪೈಸೆಯನ್ನೇ ಬಿಡಿಸಿ ನೋಡಿದರೆ ಸಂಬಳ ಮತ್ತು ನಿರ್ವಹಣೆಗೆ 6 ರೂಪಾಯಿ 10 ಪೈಸೆ, ಪಿಂಚಣಿಗೆ 3 ರೂಪಾಯಿ 15 ಪೈಸೆ, ಹೊಸ ಯುದ್ಧಸಾಮಗ್ರಿಗೆ ಮೂರೂವರೆ ರೂಪಾಯಿ. ಉಳಿದ ಚಿಲ್ಲರೆ ಗಡಿಯ ರಸ್ತೆ ಮತ್ತು ಕರಾವಳಿಗೆ.

ಪಿಂಚಣಿ ಬೆಳೆದ ಬಗೆಯನ್ನು ಗಮನಿಸಬೇಕು. ಸೈನಿಕರು ಬೇರೆ ನೌಕರರಿಗಿಂತ ಬೇಗ, ಅನೇಕರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಯೌವನವನ್ನು ಸೇನೆಗೆ ಕೊಟ್ಟವರಿಗೆ ದೇಶ ತೀರಿಸಬೇಕಾದ ಋಣ ಈ ಪಿಂಚಣಿ. 34 ಲಕ್ಷಕ್ಕೂ ಹೆಚ್ಚು ಮಂದಿ ಇಂದು ರಕ್ಷಣಾ ಪಿಂಚಣಿ ಪಡೆಯುತ್ತಿದ್ದಾರೆ. ಒಂದೇ ದರ್ಜೆಯಲ್ಲಿ, ಒಂದೇ ಅವಧಿ ದುಡಿದವರಿಗೆ ನಿವೃತ್ತಿ ಯಾವ ವರ್ಷ ಆಗಿದ್ದರೂ ಒಂದೇ ಪಿಂಚಣಿ ಎಂಬ ಬೇಡಿಕೆಗೆ 2015ರಲ್ಲಿ ಸರ್ಕಾರ ಒಪ್ಪಿ, 2014ರ ಜುಲೈ 1ರಿಂದ ಪೂರ್ವಾನ್ವಯಗೊಳಿಸಿತು. ಕೊಡಗು, ಬೆಳಗಾವಿ, ಧಾರವಾಡ ಸೀಮೆಯ ಎಷ್ಟೋ ಮನೆಗಳ ಒಲೆ ಈ ಪಿಂಚಣಿಯಿಂದ ಉರಿಯುತ್ತದೆ. 2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆ ಈ ವ್ಯವಸ್ಥೆಯನ್ನು ಬದಲಿಸಿತು. ಅದರಂತೆ ಸೇರಿದವರಿಗೆ ನಾಲ್ಕು ವರ್ಷ ಸೇವೆ. ಗರಿಷ್ಠ ಶೇ. 25ರಷ್ಟು ಮಂದಿ ಕಾಯಂ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಸಿಗುತ್ತದೆ, ಪಿಂಚಣಿ ಇಲ್ಲ. ಬೊಕ್ಕಸಕ್ಕೆ ಇದು ದೀರ್ಘಾವಧಿಯಲ್ಲಿ ಉಳಿತಾಯ. ಇಪ್ಪತ್ತೈದರ ಆಸುಪಾಸಿನಲ್ಲಿ ಸಮವಸ್ತ್ರ ಕಳಚಿ ಊರಿಗೆ ಮರಳುವ ಯುವಕನ ಮನೆಗೆ ಅದು ಹೊಸದೊಂದು ಚಿಂತೆ. ಸರ್ಕಾರ ಇಳಿಸಿಕೊಂಡ ಹೊರೆಯ ಒಂದು ಭಾಗ ಆ ಮನೆಯ ಹೆಗಲಿಗೆ ಬಂದಿದೆ.

ಈ ಲೆಕ್ಕದಲ್ಲಿ ಎಲ್ಲವೂ ಸೇರಿಲ್ಲ ಎಂಬುದನ್ನೂ ತಿಳಿಯಬೇಕು. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್‌ನಂಥ ಅರೆಸೇನಾ ಪಡೆಗಳ ಖರ್ಚು ಗೃಹ ಸಚಿವಾಲಯದ್ದು. ಹಾಗಾಗಿಯೇ ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿ ಲೆಕ್ಕ ಹಾಕುವಾಗ ಅರೆಸೇನಾ ಪಡೆಗಳನ್ನೂ ಸೇರಿಸಿಕೊಳ್ಳುತ್ತದೆ. ಅದರ ಪ್ರಕಾರ 2024ರಲ್ಲಿ ಭಾರತದ ಸೇನಾ ವೆಚ್ಚ 86.1 ಶತಕೋಟಿ ಡಾಲರ್. ಅಮೆರಿಕ, ಚೀನಾ, ರಷ್ಯಾ, ಜರ್ಮನಿಯ ನಂತರ ಜಗತ್ತಿನಲ್ಲಿ ಐದನೆಯ ಸ್ಥಾನ. ಆ ವರ್ಷ ಇಡೀ ಜಗತ್ತು ಸೇನೆಗಳಿಗೆ ಸುರಿದ ಹಣ 2,718 ಶತಕೋಟಿ ಡಾಲರ್.

ಪೊಗದಿಯ ಕಾಲದಿಂದ ಐದು ಪೈಸೆಯ ಅಂಚೆಚೀಟಿಯವರೆಗೆ

ಸೈನ್ಯದ ಖರ್ಚು ಪ್ರಜೆಯ ಬೆನ್ನಿಗೆ ಬೀಳುವುದು ಹೊಸತಲ್ಲ. ಕರ್ನಾಟಕದ ಇತಿಹಾಸದಲ್ಲೇ ಇದಕ್ಕೆ ಕಣ್ಣಿಗೆ ರಾಚುವ ಉದಾಹರಣೆಯಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನ 3 ಕೋಟಿ 30 ಲಕ್ಷ ರೂಪಾಯಿ ಯುದ್ಧದಂಡ ಕಟ್ಟಬೇಕಾಯಿತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಆ ಹಣ ಬಂದದ್ದು ನಾಡಿನ ರೈತರು, ವ್ಯಾಪಾರಿಗಳಿಂದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಒಡೆಯರಿಗೆ ಸಂಸ್ಥಾನ ಮರಳಿತು, ಜೊತೆಗೆ ಸಹಾಯಕ ಸೈನ್ಯ ಪದ್ಧತಿಯೂ ಬಂತು. ಇಂಗ್ಲಿಷರ ಸೈನ್ಯದ ಖರ್ಚಿಗೆಂದು ಮೈಸೂರು ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ ಪೊಗದಿ ಕೊಡಬೇಕಾಗಿತ್ತು.

ಮಳೆ ಬರಲಿ ಬಿಡಲಿ, ಪೊಗದಿ ನಿಲ್ಲುವಂತಿರಲಿಲ್ಲ. ಇಷ್ಟು ಕಂದಾಯ ತಂದೇ ತೀರುತ್ತೇನೆಂದು ಅಮಲ್ದಾರರು ಒಪ್ಪಿಕೊಳ್ಳುವ ಶರ್ತು ಪದ್ಧತಿ ಬಂದು ರೈತರ ಮೇಲಿನ ಹಿಂಡುವಿಕೆ ಹೆಚ್ಚಿತು. 1830ರಲ್ಲಿ ಮಲೆನಾಡಿನ ನಗರ ಸೀಮೆಯ ರೈತರು ಕೂಟ ಸೇರಿ ಬಂಡೆದ್ದರು. ಮರುವರ್ಷ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನೇ ಮಹಾರಾಜರ ಕೈಯಿಂದ ಕಿತ್ತುಕೊಂಡ. ಐವತ್ತು ವರ್ಷಗಳ ನಂತರ, 1881ರಲ್ಲಿ ರಾಜ್ಯ ಮರಳಿ ಸಿಕ್ಕಾಗ ಪೊಗದಿಯನ್ನು 35 ಲಕ್ಷ ರೂಪಾಯಿಗೆ ಏರಿಸಲಾಗಿತ್ತು. ಅದಕ್ಕೂ ಮುಂಚೆ ಬಂದಿದ್ದ ಧಾತು ಈಶ್ವರದ ಬರ ಸಂಸ್ಥಾನವನ್ನು ಸಾಲದಲ್ಲಿ ಮುಳುಗಿಸಿದ್ದರಿಂದ ಏರಿಕೆಯ ಭಾಗವನ್ನು 1896ರವರೆಗೆ ಮುಂದೂಡಿದರು. ಹೊಟ್ಟೆಗಿಲ್ಲದೆ ಜನ ಸತ್ತ ನಾಡಿಗೆ ಸೈನ್ಯದ ಖರ್ಚಿಗೆ ಲಕ್ಷಗಟ್ಟಲೆ ಕೊಡುವುದನ್ನು ಮಾತ್ರ ನಿಲ್ಲಿಸಲಾಗಲಿಲ್ಲ. ಆ ಸೈನ್ಯ ಯಾರಿಗಾಗಿ, ಎಷ್ಟು ಬೇಕು ಎಂದು ಕೇಳುವ ಹಕ್ಕು ಆ ರೈತರಿಗಿರಲಿಲ್ಲ.

ಸ್ವತಂತ್ರ ಭಾರತದಲ್ಲಿ ಈ ಹೊರೆ ಮೊದಲ ಬಾರಿಗೆ ಮನೆಮನೆಗೂ ಮುಟ್ಟಿದ್ದು 1962ರಲ್ಲಿ. ಅದಕ್ಕೂ ಮುನ್ನ ಸೇನೆಯ ಖರ್ಚು ಸೀಮಿತವಾಗಿತ್ತು. ಚೀನಾದ ಎದುರು ಸೋಲುಂಡ ದೇಶ ತನ್ನ ಸೇನೆಯನ್ನು ಅವಸರದಲ್ಲಿ ಕಟ್ಟಬೇಕಾಯಿತು. ರಾಷ್ಟ್ರೀಯ ರಕ್ಷಣಾ ನಿಧಿಗೆ ಹೆಣ್ಣುಮಕ್ಕಳು ಕೈಬಳೆ ಬಿಚ್ಚಿ ಕೊಟ್ಟರು. ಮರುವರ್ಷದ ಬಜೆಟ್ ರಕ್ಷಣೆಗೆ ಹಿಂದಿನ ಬಜೆಟ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಹಣವಿಟ್ಟಿತು. ಅದನ್ನು ಹೊಂದಿಸಲು ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಕಂಪನಿಗಳ ಮೇಲೆ ಅಧಿಕ ಲಾಭ ತೆರಿಗೆಯನ್ನೂ ಜನರ ಮೇಲೆ ಕಡ್ಡಾಯ ಠೇವಣಿಯನ್ನೂ ಹೇರಿದರು. ವಿದೇಶಿ ವಿನಿಮಯ ಉಳಿಸಲು 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ 14 ಕ್ಯಾರಟ್‌ಗಿಂತ ಶುದ್ಧವಾದ ಒಡವೆ ಮಾಡುವುದನ್ನು ತಡೆಯಿತು. ತಲೆಮಾರುಗಳಿಂದ ಕುಲುಮೆ ಊದಿದ ಸಾವಿರಾರು ಅಕ್ಕಸಾಲಿಗರ ಕೈಗೆ ಕೆಲಸವಿಲ್ಲವಾಯಿತು. ಗುಂಡಿನ ಸದ್ದು ಕೇಳಿದ್ದು ಹಿಮಾಲಯದಲ್ಲಿ, ಬದುಕು ಮುರಿದದ್ದು ದೂರದೂರುಗಳ ಅಕ್ಕಸಾಲೆಗಳಲ್ಲಿ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದಾಗ ಅಂಚೆಯ ಮೇಲೆ ಐದು ಪೈಸೆಯ ನಿರಾಶ್ರಿತರ ಪರಿಹಾರ ತೆರಿಗೆ ಬಂತು. ಆ ವರ್ಷದ ನವೆಂಬರ್ 15ರಿಂದ 1973ರ ಮಾರ್ಚ್ ಕೊನೆಯವರೆಗೆ ಊರಿಗೆ ಕಾಗದ ಬರೆಯುವವರು ಆ ಹೆಚ್ಚುವರಿ ಚೀಟಿಯನ್ನು ಅಂಟಿಸಿದರು. ಭಾರತದ ಪ್ರಜೆಗೆ ಯುದ್ಧಕಾಲದ ವೆಚ್ಚ ಕಣ್ಣೆದುರು, ಬೆರಳ ತುದಿಯಲ್ಲಿ ಕಂಡ ಅಪರೂಪದ ಸಂದರ್ಭ ಅದು.

ಸಿಗದೆ ಹೋದದ್ದರ ಬೆಲೆ

ಒಂದು ರೂಪಾಯಿಯನ್ನು ಎರಡು ಕಡೆ ಖರ್ಚು ಮಾಡಲಾಗದು. ಒಂದನ್ನು ಕೊಂಡರೆ ಇನ್ನೊಂದನ್ನು ಬಿಡಬೇಕು. ಬಿಟ್ಟದ್ದರ ಬೆಲೆಯನ್ನು ಅರ್ಥಶಾಸ್ತ್ರಜ್ಞರು ಅವಕಾಶ ವೆಚ್ಚ ಎನ್ನುತ್ತಾರೆ. 2025-26ರಲ್ಲಿ ಕೇಂದ್ರ ಸರ್ಕಾರ ಶಿಕ್ಷಣಕ್ಕೆ 1,28,650 ಕೋಟಿ, ಆರೋಗ್ಯಕ್ಕೆ ಹತ್ತಿರಹತ್ತಿರ 1 ಲಕ್ಷ ಕೋಟಿ, ಗ್ರಾಮೀಣ ಉದ್ಯೋಗ ಖಾತರಿಗೆ 86,000 ಕೋಟಿ ರೂಪಾಯಿ ಇಟ್ಟಿತ್ತು. ಮೂರನ್ನೂ ಕೂಡಿಸಿದರೂ ರಕ್ಷಣೆಯ ಅರ್ಧಕ್ಕೆ ಮುಟ್ಟುವುದಿಲ್ಲ.

ಇನ್ನೂ ನೇರವಾದ ಹೋಲಿಕೆಯಿದೆ. 2016ರಲ್ಲಿ ಫ್ರಾನ್ಸ್‌ನಿಂದ 36 ರಫೇಲ್ ವಿಮಾನಗಳನ್ನು ಶಸ್ತ್ರಾಸ್ತ್ರ, ಬಿಡಿಭಾಗ, ನಿರ್ವಹಣೆ ಸೇರಿ ಸುಮಾರು 59,000 ಕೋಟಿ ರೂಪಾಯಿಗೆ ಕೊಳ್ಳಲಾಯಿತು. ಒಂದು ವಿಮಾನಕ್ಕೆ 1,600 ಕೋಟಿಗೂ ಮೇಲೆ. 2022ರ ಅಕ್ಟೋಬರ್‌ನಲ್ಲಿ ಹಿಮಾಚಲ ಪ್ರದೇಶದ ಬಿಲಾಸ್‌ಪುರದಲ್ಲಿ ಉದ್ಘಾಟನೆಯಾದ 750 ಹಾಸಿಗೆಗಳ ಏಮ್ಸ್ ಆಸ್ಪತ್ರೆಗೆ ತಗುಲಿದ ವೆಚ್ಚ ಸುಮಾರು 1,470 ಕೋಟಿ ರೂಪಾಯಿ.

ಇಂಥ ಹೋಲಿಕೆಗಳನ್ನು ಎಚ್ಚರದಿಂದ ಓದಬೇಕು. ಶಾಲೆ, ಆಸ್ಪತ್ರೆಗಳ ಬಹುಪಾಲು ಖರ್ಚನ್ನು ರಾಜ್ಯ ಸರ್ಕಾರಗಳು ಹೊರುತ್ತವೆ. ಹಾಗಾಗಿ ಕೇಂದ್ರದ ಬಜೆಟ್ ಒಂದನ್ನೇ ನೋಡಿದರೆ ಪೂರ್ಣ ಚಿತ್ರ ಸಿಗದು. ವಿಮಾನ ಕೊಳ್ಳದಿದ್ದರೆ ಆ ಹಣ ತಾನಾಗಿಯೇ ಆಸ್ಪತ್ರೆಗೆ ಹೋಗುತ್ತದೆ ಎಂಬ ಖಾತ್ರಿಯೂ ಇಲ್ಲ. ಕೇಂದ್ರದ ವೆಚ್ಚದಲ್ಲಿ ರಕ್ಷಣೆಯ ಪಾಲು ಹತ್ತು ವರ್ಷಗಳ ಹಿಂದೆ ಶೇ. 17ರ ಆಸುಪಾಸಿನಲ್ಲಿತ್ತು. ಆಮೇಲೆ ಅದು ಇಳಿದಿದೆ. ಆದರೂ 2017ರ ರಾಷ್ಟ್ರೀಯ ಆರೋಗ್ಯ ನೀತಿ ಗುರಿಯಿಟ್ಟಂತೆ ಆರೋಗ್ಯಕ್ಕೆ ಸರ್ಕಾರಗಳ ಖರ್ಚು ದೇಶದ ಉತ್ಪನ್ನದ ಶೇ. 2.5 ಮುಟ್ಟಿಲ್ಲ. 2021-22ರ ಲೆಕ್ಕದಲ್ಲಿ ಅದು ಶೇ. 1.84. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4ನ್ನು ಜನ ಸ್ವಂತ ಜೇಬಿನಿಂದಲೇ ಕೊಡುತ್ತಿದ್ದರು. ಸೇನೆಗೆ ತೆರಿಗೆ ಕೊಟ್ಟ ಮೇಲೂ ಔಷಧಿಗೆ ಒಡವೆ ಅಡವಿಡಬೇಕಾದ ಮನೆಗೆ ಭದ್ರತೆ ಎಂಬ ಮಾತು ಅರ್ಧದಷ್ಟೇ ನಿಜ.

ನೆರೆಯ ದೇಶಗಳಲ್ಲಿ ಈ ಜಗ್ಗಾಟ ಇನ್ನೂ ತೀವ್ರ. ಪಾಕಿಸ್ತಾನ 2025ರ ಜೂನ್‌ನಲ್ಲಿ ಒಟ್ಟು ಬಜೆಟ್ ವೆಚ್ಚವನ್ನು ಸುಮಾರು ಶೇ. 7 ಕಡಿತ ಮಾಡಿ, ರಕ್ಷಣೆಗೆ ಮಾತ್ರ ಶೇ. 20 ಏರಿಸಿತು. ಒಳಯುದ್ಧ ಮುಗಿದು ಹತ್ತು ವರ್ಷ ಕಳೆದರೂ ದೊಡ್ಡ ಸೇನೆಯನ್ನೇ ಸಾಕಿದ ಶ್ರೀಲಂಕಾ 2022ರಲ್ಲಿ ದಿವಾಳಿಯಾಯಿತು. ಮರುವರ್ಷ ಅದು ತನ್ನ ಸೇನೆಯನ್ನು 2030ರ ಹೊತ್ತಿಗೆ ಒಂದು ಲಕ್ಷಕ್ಕೆ ಇಳಿಸುವುದಾಗಿ ಸಾರಿತು.

ನೆಲ ಕೊಟ್ಟವರು

ತೆರಿಗೆ ಎಲ್ಲರಿಗೂ ಹಂಚಿಹೋಗುತ್ತದೆ. ನೆಲ ಹಾಗಲ್ಲ. ನೌಕಾನೆಲೆಗೆ, ಪರೀಕ್ಷಾ ವಲಯಕ್ಕೆ ಜಾಗ ಬೇಕಾದಾಗ ಕೆಲವೇ ಊರುಗಳು ಇಡೀ ದೇಶದ ಪರವಾಗಿ ಬೆಲೆ ತೆರುತ್ತವೆ.

ಕಾರವಾರ–ಅಂಕೋಲಾ ಕರಾವಳಿಯ ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟರು. 2005ರ ಮೇ 31ರಂದು ಅಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಮುಂಬೈ ಬಂದರಿನ ಇಕ್ಕಟ್ಟಿನಿಂದ ಬಿಡುಗಡೆ ಬೇಕಿದ್ದ ನೌಕಾಪಡೆಗೆ ಗುಡ್ಡಗಳ ಮರೆಯ ಆಳವಾದ ಕಡಲು ಸಿಕ್ಕಿತು. ಅದಕ್ಕಾಗಿ 13 ಹಳ್ಳಿಗಳ 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ತೋಟ ಬಿಟ್ಟು ಎದ್ದವು. ಮೀನುಗಾರರು ಕಳೆದುಕೊಂಡದ್ದು ಮನೆಯನ್ನಷ್ಟೇ ಅಲ್ಲ, ದೋಣಿ ಎಳೆದಿಡುವ, ಬಲೆ ಹರಡುವ, ಮೀನು ಒಣಗಿಸುವ ದಂಡೆಯನ್ನೂ. ಪರಿಹಾರ ಸಾಲದೆಂದು ಕೋರ್ಟು ಹತ್ತಿದವರಲ್ಲಿ ಎಷ್ಟೋ ಮಂದಿ ದಶಕಗಳ ಕಾಲ ಕಾದರು. ಆ ಸೀಮೆಯಲ್ಲಿ ಇಂದಿಗೂ ಅವರಿಗೆ ‘ಸೀಬರ್ಡ್ ನಿರಾಶ್ರಿತರು’ ಎಂದೇ ಹೆಸರು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನ ಕಥೆ ಬೇರೆ ಬಗೆಯದು. ಅಲ್ಲಿನ ಅಮೃತಮಹಲ್ ಕಾವಲುಗಳು ಹಿಂದೆ ಸೈನ್ಯದ ಹುಲ್ಲುಗಾವಲುಗಳೇ ಆಗಿದ್ದವು. ಹೈದರ್, ಟಿಪ್ಪು ಕಾಲದಲ್ಲಿ ತೋಪಿನ ಬಂಡಿ ಎಳೆದ ಎತ್ತುಗಳ ತಳಿ ಅಲ್ಲಿ ಮೇಯುತ್ತಿತ್ತು. ಕ್ರಮೇಣ ಸುತ್ತಲ ಹಳ್ಳಿಗಳ ಕುರಿ, ದನಗಳಿಗೂ ಅದೇ ಆಸರೆಯಾಯಿತು. ಈ ಶತಮಾನದಲ್ಲಿ ವರವು ಕಾವಲಿನ 4 ಸಾವಿರಕ್ಕೂ ಹೆಚ್ಚು ಎಕರೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಹೋಯಿತು. ಪೈಲಟ್‌ರಹಿತ ವಿಮಾನಗಳನ್ನು ಪರೀಕ್ಷಿಸುವ ವಲಯ 2017ರಲ್ಲಿ ಅಲ್ಲಿ ಉದ್ಘಾಟನೆಯಾಯಿತು. ಅಕ್ಕಪಕ್ಕದ ಕಾವಲುಗಳು ಇತರ ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾದವು. ಕಾವಲು ಯಾವ ಹಳ್ಳಿಗರ ಹೆಸರಿನಲ್ಲೂ ಇರಲಿಲ್ಲವಾದ್ದರಿಂದ ಯಾರಿಗೂ ಪರಿಹಾರ ಕೊಡುವ ಮಾತಿರಲಿಲ್ಲ. ಕುರಿಗಾಹಿಗಳಿಗೆ, ಉಣ್ಣೆ ನಂಬಿದ ಕಂಬಳಿ ನೇಕಾರರಿಗೆ ಮಾತ್ರ ಬೇಲಿ ಎದ್ದ ದಿನದಿಂದಲೇ ಮೇವು ದೂರವಾಯಿತು. ಹಳ್ಳಿಗರು ಹಸಿರು ನ್ಯಾಯಮಂಡಳಿಯ ಮೊರೆ ಹೋದರು. ರಕ್ಷಣಾ ಬಜೆಟ್‌ನ ಯಾವ ಪುಟದಲ್ಲೂ ಈ ಮೇವಿನ ಬೆಲೆ ಬರೆದಿಲ್ಲ.

ಜೀವದ ಲೆಕ್ಕ

ಹಣದಲ್ಲಿ ಅಳೆಯಲಾಗದ ಬೆಲೆಯನ್ನು ಸೈನಿಕರ ಮನೆಗಳು ಕೊಡುತ್ತವೆ. 1984ರ ಏಪ್ರಿಲ್‌ನಿಂದ ಭಾರತದ ಸೈನಿಕರು ಸಿಯಾಚಿನ್ ಹಿಮನದಿಯನ್ನು ಕಾಯುತ್ತಿದ್ದಾರೆ. ಅಲ್ಲಿ ಶತ್ರುವಿನ ಗುಂಡಿಗಿಂತ ಹಿಮಪಾತ, ಚಳಿ, ಉಸಿರಿಗೆ ಸಾಲದ ಗಾಳಿಯೇ ಹೆಚ್ಚು ಜನರನ್ನು ಕೊಂದಿದೆ. 2016ರ ಫೆಬ್ರವರಿ 3ರಂದು ಹಿಮದ ರಾಶಿ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಆರು ದಿನಗಳ ನಂತರ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಇಡೀ ದೇಶ ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರು ಕೊನೆಯುಸಿರೆಳೆದರು. ಆ ಎತ್ತರದ ಎಷ್ಟೋ ಠಾಣೆಗಳಿಗೆ ಸಾಮಾನು ಹೆಲಿಕಾಪ್ಟರಿನಲ್ಲೇ ಹೋಗಬೇಕು. ಅದರ ಖರ್ಚನ್ನು ದೇಶ ಭರಿಸುತ್ತದೆ. ಒಬ್ಬ ಮಗನಿಲ್ಲದ ಮನೆಯ ಶೂನ್ಯವನ್ನು ಮಾತ್ರ ಆ ಮನೆಯೊಂದೇ ಹೊರುತ್ತದೆ.

ಪ್ರಜೆಗೆ ಮರಳಿ ಬರುವುದೇನು?

ಕೊಟ್ಟದ್ದಕ್ಕೆ ಪ್ರತಿಯಾಗಿ ಸಿಗುವುದನ್ನು ಹೇಳದಿದ್ದರೆ ಲೆಕ್ಕ ಅಪೂರ್ಣ. ಮೊದಲನೆಯದು ಭದ್ರತೆಯೇ. 1962ರ ಸೋಲು ಕಲಿಸಿದ ಪಾಠ ಚಿಕ್ಕದಲ್ಲ: ಸಿದ್ಧತೆಯಿಲ್ಲದಿದ್ದರೆ ಆಮೇಲೆ ತೆರಬೇಕಾದ ಬೆಲೆ ಬಹಳ ಹೆಚ್ಚು. ಗಡಿ ಸುಭದ್ರವಾಗಿದ್ದರೆ ರೈತ ಬಿತ್ತುತ್ತಾನೆ, ವ್ಯಾಪಾರಿ ಹಣ ಹೂಡುತ್ತಾನೆ. ಈ ರಕ್ಷಣೆಯನ್ನು ತೆರಿಗೆ ಕಟ್ಟಿದವರಿಗಷ್ಟೇ ಹಂಚಿ, ಕಟ್ಟದವರನ್ನು ಹೊರಗಿಡಲು ಬರುವುದಿಲ್ಲ. ಅದಕ್ಕಾಗಿಯೇ ಅದು ಸರ್ಕಾರದ ಕೆಲಸ. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ, 2019ರಲ್ಲಿ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿದಾಗ ಜನರನ್ನು ಎತ್ತಿ ತರಲು ನೆರವಾದವರಲ್ಲಿ ಸೈನಿಕರೂ ಇದ್ದರು.

ಎರಡನೆಯದು ಉದ್ಯೋಗ ಮತ್ತು ವಿದ್ಯೆ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್‌ಎಎಲ್. 1954ರಲ್ಲಿ ಬಿಇಎಲ್ ಬಂತು, 1964ರಲ್ಲಿ ಬಿಇಎಂಎಲ್. ಕಾರ್ಮಿಕ ಕುಟುಂಬಗಳ ಮಕ್ಕಳು ಎಂಜಿನಿಯರುಗಳಾದ ಬೆಂಗಳೂರನ್ನು ಈ ಕಾರ್ಖಾನೆಗಳು ಕಟ್ಟಿದವು. 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ತೆರೆಯಿತು. 2025ರ ಮಾರ್ಚ್‌ನಲ್ಲಿ 156 ‘ಪ್ರಚಂಡ’ ಹೆಲಿಕಾಪ್ಟರುಗಳಿಗೆ ಸುಮಾರು 62,700 ಕೋಟಿ ರೂಪಾಯಿಯ ಬೇಡಿಕೆ ಬಂತು. 2025-26ರ ಆಧುನೀಕರಣದ ಹಣದಲ್ಲಿ ಮುಕ್ಕಾಲು ಭಾಗ, ಅಂದರೆ 1,11,544 ಕೋಟಿ ರೂಪಾಯಿಯನ್ನು ದೇಶೀಯ ಖರೀದಿಗೆಂದೇ ಮೀಸಲಿಡಲಾಗಿತ್ತು. ವಿದೇಶದಲ್ಲಿ ಕೊಂಡ ವಿಮಾನದ ಹಣ ಹೊರಗೆ ಹೋಗುತ್ತದೆ, ಡಾಲರಿನ ಎದುರು ರೂಪಾಯಿ ಕುಸಿದಷ್ಟೂ ಅದರ ಬೆಲೆ ಏರುತ್ತದೆ. ಇಲ್ಲೇ ತಯಾರಾದರೆ ಹಣದ ಒಂದು ಭಾಗ ಸಂಬಳವಾಗಿ, ಸಣ್ಣ ವರ್ಕ್‌ಶಾಪುಗಳ ಆದಾಯವಾಗಿ ಊರೊಳಗೇ ಸುತ್ತುತ್ತದೆ.

ತಡವಾದರೂ ಹಣ, ತಪ್ಪಿದರೂ ಹಣ

ಹಣ ಕೊಟ್ಟ ಮಾತ್ರಕ್ಕೆ ಭದ್ರತೆ ಬರುವುದಿಲ್ಲ. ಅದು ಸರಿಯಾಗಿ, ಸಕಾಲಕ್ಕೆ ಖರ್ಚಾಗಬೇಕು. 1986ರಲ್ಲಿ ಸ್ವೀಡನ್ನಿನಿಂದ 410 ಬೊಫೋರ್ಸ್ ಫಿರಂಗಿಗಳನ್ನು ಕೊಳ್ಳುವ ಒಪ್ಪಂದವಾಯಿತು. ಮರುವರ್ಷ ಲಂಚದ ಆರೋಪ ಹೊರಬಿತ್ತು. ಫಿರಂಗಿಗಳೇನೋ 1999ರ ಕಾರ್ಗಿಲ್ ಯುದ್ಧದಲ್ಲಿ ಗೆಲುವಿಗೆ ಹೆಗಲಾದವು. ಆದರೆ ಹಗರಣದ ಭಯಕ್ಕೆ ಸುಮಾರು ಮೂವತ್ತು ವರ್ಷ ದೊಡ್ಡ ಫಿರಂಗಿ ಖರೀದಿ ನಡೆಯಲೇ ಇಲ್ಲ. 126 ಯುದ್ಧವಿಮಾನಗಳಿಗಾಗಿ 2007ರಲ್ಲಿ ಕರೆದ ಟೆಂಡರ್ ಎಂಟು ವರ್ಷ ಎಳೆದು 2015ರಲ್ಲಿ ಮುರಿದುಬಿತ್ತು. 1983ರಲ್ಲಿ ಮಂಜೂರಾದ ತೇಜಸ್ ವಿಮಾನ 2001ರ ಜನವರಿ 4ರಂದು ಮೊದಲ ಬಾರಿ ಹಾರಿತು, ವಾಯುಪಡೆಯ ತುಕಡಿಗೆ ಸೇರಿದ್ದು 2016ರ ಜುಲೈನಲ್ಲಿ. ಪ್ರತಿ ವರ್ಷದ ವಿಳಂಬವೂ ಬೆಲೆ ಏರಿಸುತ್ತದೆ, ಹಳೆಯ ವಿಮಾನಗಳ ದುರಸ್ತಿಗೆ ಹಣ ತಿನ್ನುತ್ತದೆ.

ಮಹಾಲೇಖಪಾಲರ ಅಂದರೆ ಸಿಎಜಿಯ 2017ರ ವರದಿ ಇದನ್ನು ಇನ್ನೊಂದು ಬಗೆಯಲ್ಲಿ ತೋರಿಸಿತು. 2016ರ ಸೆಪ್ಟೆಂಬರ್‌ನಲ್ಲಿ ಸೇನೆ ಬಳಸುವ 152 ಬಗೆಯ ಮದ್ದುಗುಂಡುಗಳಲ್ಲಿ 61 ಬಗೆಯವು ಹತ್ತು ದಿನದ ಯುದ್ಧಕ್ಕೂ ಸಾಲುತ್ತಿರಲಿಲ್ಲ. ಲಕ್ಷಾಂತರ ಕೋಟಿ ಖರ್ಚು ಮಾಡುವ ದೇಶದಲ್ಲಿ ಯೋಧನ ಕೈಗೆ ಗುಂಡು ಸಾಲದಿದ್ದರೆ ತೆರಿಗೆ ಕೊಟ್ಟವರಿಗೂ ಆ ಯೋಧನಿಗೂ ಒಟ್ಟಿಗೇ ಅನ್ಯಾಯವಾದಂತೆ.

ಲೆಕ್ಕ ಕೇಳುವ ಹಕ್ಕು

ಸಂವಿಧಾನ ಈ ಹಣದ ಕೀಲಿಕೈಯನ್ನು ಜನರ ಪ್ರತಿನಿಧಿಗಳ ಕೈಯಲ್ಲಿಟ್ಟಿದೆ. ರಕ್ಷಣೆಯ ಹಣ ನಾಲ್ಕು ಅನುದಾನ ಬೇಡಿಕೆಗಳಾಗಿ ಲೋಕಸಭೆಗೆ ಬರುತ್ತದೆ: ನಾಗರಿಕ ವೆಚ್ಚ, ಸೇವೆಗಳ ಕಂದಾಯ ವೆಚ್ಚ, ಬಂಡವಾಳ ವೆಚ್ಚ, ಪಿಂಚಣಿ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ಅವನ್ನು ಪರಿಶೀಲಿಸಿ ವರದಿ ಕೊಡುತ್ತದೆ. ಖರ್ಚಾದ ಮೇಲೆ ಸಿಎಜಿ ಲೆಕ್ಕ ತಪಾಸಣೆ ಮಾಡುತ್ತದೆ, ಅದರ ವರದಿಯನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ನೋಡುತ್ತದೆ.

ವ್ಯವಸ್ಥೆ ಒಳ್ಳೆಯದೇ. ಅದನ್ನು ಬಳಸುವುದರಲ್ಲಿ ಕೊರತೆಯಿದೆ. ಸಮಯ ಸಾಲದೆಂದು ಚರ್ಚೆಯಿಲ್ಲದೆ ಬೇಡಿಕೆಗಳನ್ನು ಒಟ್ಟಾಗಿ ಮತಕ್ಕೆ ಹಾಕುವ ‘ಗಿಲೊಟಿನ್’ ಪದ್ಧತಿಯಲ್ಲಿ ರಕ್ಷಣೆಯ ಬೇಡಿಕೆಗಳು ಮತ್ತೆ ಮತ್ತೆ ಮುಗಿದುಹೋಗಿವೆ. 2018 ಮತ್ತು 2023ರಲ್ಲಿ ಗದ್ದಲದ ನಡುವೆ ಎಲ್ಲ ಸಚಿವಾಲಯಗಳ ಅನುದಾನ ಬೇಡಿಕೆಗಳೂ ಲೋಕಸಭೆಯಲ್ಲಿ ಚರ್ಚೆಯಿಲ್ಲದೆ ಅಂಗೀಕಾರವಾದವು. ಸೇನಾ ತಂತ್ರ, ಆಯುಧಗಳ ಸಾಮರ್ಥ್ಯ ಗುಟ್ಟಾಗಿರಬೇಕು ನಿಜ. ಆದರೆ ವಿಳಂಬ ಏಕಾಯಿತು, ಹಣ ಏಕೆ ಉಳಿಯಿತು, ನಿರಾಶ್ರಿತರಿಗೆ ಪರಿಹಾರ ಏಕೆ ಸಿಗಲಿಲ್ಲ ಎಂಬ ಪ್ರಶ್ನೆಗಳಲ್ಲಿ ಗುಟ್ಟೇನೂ ಇಲ್ಲ. ಅವನ್ನು ಕೇಳುವುದರಿಂದ ಸೈನಿಕನಿಗೆ ಅಗೌರವವಾಗುವುದಿಲ್ಲ. ಅವನಿಗೆ ಸಲ್ಲಬೇಕಾದ ಗುಂಡು, ಬೂಟು, ಪಿಂಚಣಿ ಸರಿಯಾಗಿ ತಲುಪುವುದು ಇಂಥ ಪ್ರಶ್ನೆಗಳಿಂದಲೇ.

1830ರ ನಗರ ಸೀಮೆಯ ರೈತನಿಗೆ ಪೊಗದಿಯ ಲೆಕ್ಕ ಕೇಳಲು ಬಂಡಾಯದ ಹೊರತು ದಾರಿಯಿರಲಿಲ್ಲ. 2025-26ರ ಲೆಕ್ಕದಂತೆ ದಿನಕ್ಕೆ 13 ರೂಪಾಯಿ ಕೊಟ್ಟ ಇಂದಿನ ಪ್ರಜೆಗೆ ಮತವಿದೆ, ಸಂಸತ್ತಿದೆ, ಎಲ್ಲರೂ ಓದಬಹುದಾದ ಬಜೆಟ್ ಪತ್ರವಿದೆ, ಸಿಎಜಿ ವರದಿಗಳಿವೆ. ಕೊಟ್ಟ ಹಣಕ್ಕೆ ಪ್ರತಿಯಾಗಿ ಗಡಿಯೂ ಗಟ್ಟಿಯಾಗಬೇಕು, ಊರಿನ ಆಸ್ಪತ್ರೆಯೂ ಉಳಿಯಬೇಕು ಎಂದು ಕೇಳಲು ಇಷ್ಟು ಸಾಧನಗಳು ಅವನ ಕೈಯಲ್ಲಿವೆ.